ಎದೆಗಾರಿಕೆಯ ಮಾತು

ಗಂಡಸಿನ ಬೆಲೆ ಕಟ್ಟುವಾಗ ಕನ್ನಡವು ಮೊದಲು ನೋಡುವುದು ಅವನ ಎದೆಯನ್ನು. ಧೈರ್ಯವುಳ್ಳವನು ಎದೆಗಾರ, ಅವನ ಗುಣವೇ ಎದೆಗಾರಿಕೆ. ಅಪಾಯಕ್ಕೆ ಎದುರು ನಿಲ್ಲುವವನು ಎದೆಯೊಡ್ಡುತ್ತಾನೆ. ತನ್ನ ಮಾತಿನಲ್ಲಿ ನಂಬಿಕೆಯುಳ್ಳವನು ಎದೆ ತಟ್ಟಿ ಹೇಳುತ್ತಾನೆ. ಸೋತವನು ಎದೆಗುಂದುತ್ತಾನೆ. ಇಷ್ಟೊಂದು ನುಡಿಗಟ್ಟುಗಳನ್ನು ಕಟ್ಟಿಕೊಂಡ ಭಾಷೆಯಲ್ಲಿ, ಆ ಎದೆಯೇ ಒಬ್ಬ ಹುಡುಗನ ನಾಚಿಕೆಗೆ ಕಾರಣವಾದರೆ ಅದನ್ನು ಮರ್ಯಾದೆಯಿಂದ ಹೇಳಿಕೊಳ್ಳಲು ಒಂದು ಮಾತಿಲ್ಲ. ಇರುವುವೆಲ್ಲ ಅಣಕದ ಮಾತುಗಳು. ಅವನ್ನು ಇಲ್ಲಿ ಅಚ್ಚುಮಾಡುವ ಅಗತ್ಯವಿಲ್ಲ. ಗಂಡುಹುಡುಗರ ಶಾಲೆಯ ಅಂಗಳವನ್ನು ಕಂಡ ವಾಚಕರಿಗೆಲ್ಲ ಅವು ಗೊತ್ತೇ ಇವೆ.

ಕಂಪ್ಲಿಯ ಸೀಮೆಯ ಮೆಟ್ರಿಯಂಥ ಊರಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಬಹುದು. ಒಂದು ಕಡೆ ದರೋಜಿಯತ್ತ ಸಾಗುವ ಬಂಡೆಗುಡ್ಡಗಳು, ಇನ್ನೊಂದು ಕಡೆ ತುಂಗಭದ್ರೆಯ ನೀರುಂಡ ಗದ್ದೆಗಳು. ಆ ಸೀಮೆಯಲ್ಲಿ ಗಂಡುಮಕ್ಕಳಿಗೆ ಈಜು ಕಲಿಸಲು ಯಾರೂ ಬೇಕಾಗಿಲ್ಲ, ಕಾಲುವೆಯೇ ಗುರು. ಹೋದ ವರ್ಷ ಎಲ್ಲರಿಗಿಂತ ಮೊದಲು ನೀರಿಗೆ ಹಾರುತ್ತಿದ್ದ ಈ ಹುಡುಗ ಈ ವರ್ಷ ದಂಡೆಯ ಮೇಲೆ ಗೆಳೆಯರ ಬಟ್ಟೆಗಳನ್ನು ಕಾಯುತ್ತ ಕುಳಿತಿದ್ದಾನೆ.

“ಯಾಕಲೇ ತಮ್ಮಾ, ಅಂಗಿ ತಗದು ಇಳೀಬಾರದಾ?” ಎಂದು ಸೋದರಮಾವ ಕೇಳುತ್ತಾನೆ.

“ಥಂಡಿ ಐತಿ ಮಾವಾ.”

ಬಳ್ಳಾರಿ ಜಿಲ್ಲೆಯ ಮಾರ್ಚಿ ತಿಂಗಳಲ್ಲಿ ಥಂಡಿ! ಮಾವನು ನಕ್ಕು ಸುಮ್ಮನಾಗುತ್ತಾನೆ. ಹುಡುಗನು ಅಂಗಿಯ ಒಳಗೆ ಬಿಗಿಯಾದ ಬನಿಯನ್ನು, ಅದರೊಳಗೆ ಮತ್ತೊಂದು ಬನಿಯನ್ನು ತೊಟ್ಟಿರುವುದು ಮಾವನಿಗೆ ತಿಳಿಯದು. ನಡೆಯುವಾಗ ಅವನ ಹೆಗಲುಗಳು ಮುಂದಕ್ಕೆ ಬಾಗಿವೆ. “ನೆಟ್ಟಗೆ ನಡಿ” ಎಂದು ತಾಯಿ ಗದರಿಸಿದರೂ ಆ ಗೂನು ಹೋಗುವುದಿಲ್ಲ. ಎದೆಯ ಎರಡು ತೊಟ್ಟುಗಳ ಹಿಂದೆ ಅಡಿಕೆಯಷ್ಟು ಗಾತ್ರದ ಗಟ್ಟಿಯಾದ ಬಿಲ್ಲೆಯೊಂದು ಬೆಳೆದಿದೆ; ಮುಟ್ಟಿದರೆ ನೋಯುತ್ತದೆ. ಅವನ ಲೆಕ್ಕದಲ್ಲಿ ಇಂಥದ್ದು ಈ ಭೂಮಂಡಲದಲ್ಲಿ ತನಗೊಬ್ಬನಿಗೇ ಬಂದಿರುವ ಶಾಪ.

ವೈದ್ಯಶಾಸ್ತ್ರದ ಲೆಕ್ಕ ಬೇರೆ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ವಲ್ಪವೋ ಹೆಚ್ಚೋ ಹೀಗೆ ಎದೆ ಊದುವುದುಂಟು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಅದು ಹೆಚ್ಚಾಗಿ ಕಾಣಿಸುತ್ತದೆ. ಬಹುಪಾಲು ಹುಡುಗರಲ್ಲಿ ಒಂದೆರಡು ವರ್ಷಗಳೊಳಗೆ ತಾನೇ ಇಳಿದುಹೋಗುತ್ತದೆ. ಕಾರಣವೂ ಗೂಢವಾದುದಲ್ಲ. ಗಂಡಿನ ಮೈಯಲ್ಲಿಯೂ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ನಿನ ಅಂಶ ಸ್ವಲ್ಪ ಇದ್ದೇ ಇರುತ್ತದೆ, ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರೋನು ಅದನ್ನು ಹದ್ದಿನಲ್ಲಿಡುತ್ತದೆ. ಮೈ ಬದಲಾಗುವ ಆ ಕಾಲದಲ್ಲಿ ತಕ್ಕಡಿ ಕೆಲವು ತಿಂಗಳು ಆ ಕಡೆಗೆ ವಾಲುತ್ತದೆ, ಅಷ್ಟೆ. ಆ ವಾಲುವಿಕೆಗೆ ಎದೆಯ ಗ್ರಂಥಿ ಓಗೊಡುತ್ತದೆ.

ಹುಟ್ಟಿದ ಕೂಸುಗಳಲ್ಲಿಯೂ ಇದನ್ನು ಕಾಣಬಹುದು. ಗಂಡುಕೂಸಾಗಲಿ ಹೆಣ್ಣುಕೂಸಾಗಲಿ, ತಾಯಿಯ ಮೈಯಿಂದ ಬಂದ ಹಾರ್ಮೋನಿನ ಪ್ರಭಾವದಿಂದ ಎದೆ ಊದಿ, ಒಮ್ಮೊಮ್ಮೆ ಹಾಲಿನಂಥ ದ್ರವ ಒಸರುವುದೂ ಉಂಟು. ಹಳ್ಳಿಗಳಲ್ಲಿ ಎಣ್ಣೆ ನೀರು ಹಾಕುವ ಅಜ್ಜಿಯರು ಅದನ್ನು ಹಿಂಡಿ ತೆಗೆಯುವ ರೂಢಿಯಿಟ್ಟುಕೊಂಡಿದ್ದರು. ಕೆಲವೆಡೆ ಈಗಲೂ ಇದೆ. ಅಜ್ಜಿಯರ ಮೇಲೆ ಎಷ್ಟೇ ಗೌರವವಿದ್ದರೂ ಇದೊಂದನ್ನು ಅವರಿಗೆ ಬೇಡವೆಂದು ಹೇಳಲೇಬೇಕು. ಹಿಂಡಿದ ಕಡೆ ಗಾಯವಾಗಿ, ಕೀವು ಕಟ್ಟಿ, ಕೂಸಿಗೆ ಜ್ವರ ಬಂದ ಉದಾಹರಣೆಗಳನ್ನು ಮಕ್ಕಳ ವೈದ್ಯರು ಬಲ್ಲರು. ಸುಮ್ಮನೆ ಬಿಟ್ಟರೆ ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ.

ಈ ಸ್ಥಿತಿಗೆ ಹೆಸರಿಟ್ಟವನು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್. ಗ್ರೀಕಿನಲ್ಲಿ ಹೆಣ್ಣು ಎಂಬ ಪದಕ್ಕೆ ಸ್ತನ ಎಂಬ ಪದವನ್ನು ಕೂಡಿಸಿ ಮಾಡಿದ ಗೈನಕೊಮಾಸ್ಟಿಯ ಎಂಬ ಆ ಹೆಸರನ್ನೇ ಇಂದಿಗೂ ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ಹೆಸರು ಕೇಳಿ ಹೆದರಿದವರು ಉಂಟು. ಅದರೊಳಗೆ ರೋಗವೇನೂ ಅಡಗಿಲ್ಲ, ಬರೀ ವರ್ಣನೆ.

ಒಂದೆರಡು ವರ್ಷ ಕಳೆದರೂ ಇಳಿಯದೆ ಉಳಿದರೆ? ಮಾತು ಇಲ್ಲಿಗೆ ಬಂದಾಗಲೇ ಮನೆಯಲ್ಲಿ ಜಗಳ ಹುಟ್ಟುವುದು. ಶಸ್ತ್ರಕ್ರಿಯೆಯೆಂಬ ಮಾತೆತ್ತಿದೊಡನೆ, “ಅಂದಚಂದಕ್ಕೆ ಮೈ ಕೊಯ್ಸಿಕೊಳ್ಳೋದು ಸಿನಿಮಾ ನಟಿಯರ ಕೆಲಸ, ಗಂಡಸರಿಗ್ಯಾಕೆ?” ಎಂದು ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ. ಈ ಶಸ್ತ್ರವಿದ್ಯೆಯ ಇತಿಹಾಸವನ್ನು ಬಲ್ಲವರಿಗೆ ಆ ತೀರ್ಪು ಕೇಳಿ ನಗು ಬರಬೇಕು. ರೂಪವನ್ನು ತಿದ್ದುವ ವಿದ್ಯೆ ಬಹುಮಟ್ಟಿಗೆ ಬೆಳೆದದ್ದೇ ಗಂಡಸರ ಮುಖದ ಮೇಲೆ. ಅದರ ಒಂದು ಮುಖ್ಯ ಅಧ್ಯಾಯ ಆರಂಭವಾದದ್ದು ಕನ್ನಡನಾಡಿನ ಯುದ್ಧಭೂಮಿಯಲ್ಲಿ.

ಮೂರನೆಯ ಮೈಸೂರು ಯುದ್ಧದಲ್ಲಿ, ೧೭೯೨ರಲ್ಲಿ, ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದನು. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿಯ ಸೈನ್ಯವನ್ನು ಸೇರಿಕೊಂಡನು. ಕಂಪನಿಯು ಅವನಿಗೆ ವಿಶ್ರಾಂತಿವೇತನ ಕೊಟ್ಟಿತು. ಮೂಗು ಕೊಡಲು ಕಂಪನಿಯ ಕೈಯಲ್ಲಾಗಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮೂಗಿಲ್ಲದೆ ಬಾಳಿದ ಅವನಿಗೆ ಮೂಗು ಕೊಟ್ಟವನು ಪುಣೆಯ ಸಮೀಪದ, ಇಟ್ಟಿಗೆ ಮಾಡುವ ಕಸುಬಿನ ಜಾತಿಯ ಒಬ್ಬ ಶಸ್ತ್ರಚಿಕಿತ್ಸಕ. ಅವನ ಹೆಸರು ಉಳಿದಿಲ್ಲ. ಅವನ ಕೆಲಸ ಉಳಿದಿದೆ.

ಅವನು ಮಾಡಿದ್ದು ಹೀಗೆ. ಮೇಣದ ತೆಳುಹಾಳೆಯೊಂದನ್ನು ಮೋಟುಮೂಗಿನ ಮೇಲೆ ಮೂಗಿನಾಕಾರಕ್ಕೆ ಬಗ್ಗಿಸಿ, ಆಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದನು. ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸಿದನು. ಎರಡು ಕಣ್ಣುಗಳ ನಡುವೆ ಮಾತ್ರ ಒಂದು ಎಳೆಯನ್ನು ಕತ್ತರಿಸದೆ ಉಳಿಸಿದನು. ರಕ್ತ ಹರಿದು ಚರ್ಮ ಜೀವಂತವಾಗಿರಲು ಆ ಎಳೆಯೇ ಆಧಾರ. ಚರ್ಮವನ್ನು ಕೆಳಕ್ಕೆ ತಿರುಗಿಸಿ, ಮೋಟಿನ ಅಂಚಿನಲ್ಲಿ ಮಾಡಿದ ಕಚ್ಚಿಗೆ ಸೇರಿಸಿ, ನೀರಿನಲ್ಲಿ ನೆನೆಸಿದ ಕಾಚನ್ನು ಸವರಿದ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿದನು. ಎಲೆಯಡಿಕೆಗೆ ಬಳಸುವ ಕಾಚೇ ಅದು. ನಾಲ್ಕು ದಿನಗಳ ಮೇಲೆ ಪಟ್ಟಿಗಳನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಅರಿವೆಯ ಸುರುಳಿಗಳು. ಇಪ್ಪತ್ತೈದನೆಯ ದಿನದ ಹೊತ್ತಿಗೆ ಆ ಎಳೆಯನ್ನು ಕತ್ತರಿಸಿದ್ದು. ಮುಂಬಯಿ ಸರಕಾರದ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಹೊಸ ಮೂಗಿನ ಕಾವಸ್ಜಿಯ ಚಿತ್ರ ಬರೆದನು. ೧೭೯೪ರ ಅಕ್ಟೋಬರದಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಮಾಸಪತ್ರಿಕೆಯಲ್ಲಿ ಇದರ ವರದಿ ಬಂದಿತು. ಅದರಿಂದ ಪ್ರೇರಿತನಾಗಿ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು ೧೮೧೪ರಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಇದೇ ಕ್ರಮದಿಂದ ಮೂಗು ಕಟ್ಟಿಕೊಟ್ಟು, ೧೮೧೬ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಯುರೋಪಿನಲ್ಲಿ ಇದಕ್ಕೆ ಭಾರತೀಯ ಪದ್ಧತಿಯೆಂದೇ ಹೆಸರು. ಸುಶ್ರುತನ ಸಂಹಿತೆಯಲ್ಲಿ ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿ ಕೆನ್ನೆಯಿಂದ ಚರ್ಮ ತೆಗೆಯುವ ವಿಧಾನವಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ.

ಕಾವಸ್ಜಿಗೆ ಮೂಗಿಲ್ಲದೆ ಉಸಿರಾಡಲು ಬರುತ್ತಿತ್ತು, ಉಣ್ಣಲು ಬರುತ್ತಿತ್ತು. ಅವನಿಗೆ ಬರದೆ ಇದ್ದದ್ದು ನಾಲ್ಕು ಜನರ ನಡುವೆ ತಲೆಯೆತ್ತಿ ಕುಳಿತುಕೊಳ್ಳುವುದು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ೫೦೦೦ಕ್ಕಿಂತ ಹೆಚ್ಚು ಸೈನಿಕರು ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ೧೯೧೭ರಲ್ಲಿ ತೆರೆದ ಆಸ್ಪತ್ರೆಗೆ, ಹೆರಾಲ್ಡ್ ಗಿಲ್ಲೀಸ್ ಮತ್ತು ಅವರ ಸಂಗಡಿಗರ ಬಳಿಗೆ, ಬಂದದ್ದೂ ಅದಕ್ಕಾಗಿಯೇ. ಅವರನ್ನು ಯಾರೂ ಷೋಕಿಲಾಲರೆಂದು ಕರೆಯಲಿಲ್ಲ. ಮೂಗಿಗೆ ಸಲ್ಲುವ ನ್ಯಾಯ ಎದೆಗೆ ಏಕೆ ಸಲ್ಲಬಾರದು?

ಸಲ್ಲುತ್ತದೆಂದು ಬಹಳ ಹಿಂದೆಯೇ ಒಬ್ಬ ವೈದ್ಯನಿಗೆ ತೋರಿತ್ತು. ಏಳನೆಯ ಶತಮಾನದಲ್ಲಿ, ಈಜೈನ ಎಂಬ ದ್ವೀಪದ ಪೌಲನು ತನ್ನ ವೈದ್ಯಗ್ರಂಥದಲ್ಲಿ ಗಂಡಸಿನ ಊದಿದ ಎದೆಯನ್ನು ಕೊಯ್ದು ಸರಿಪಡಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಎದೆಯ ಕೆಳಗೆ ಚಂದ್ರಾಕಾರದ ಕೊಯ್ತ, ಒಳಗಿನ ಕೊಬ್ಬನ್ನು ತೆಗೆದು ಹೊಲಿಗೆ. ಜೋತುಬಿದ್ದಿದ್ದರೆ ಎರಡು ಚಂದ್ರರೇಖೆಗಳನ್ನು ತುದಿಗಳಲ್ಲಿ ಕೂಡಿಸಿ ನಡುವಿನ ಚರ್ಮವನ್ನೂ ತೆಗೆಯಬೇಕು. ಇದರಿಂದ ಗಂಡಸಿಗೆ ಹೆಣ್ಣಿಗನೆಂಬ ನಿಂದೆ ತಗಲುವುದರಿಂದ ಶಸ್ತ್ರ ಹಿಡಿಯುವುದು ಯುಕ್ತವೆಂಬುದು ಅವನ ಅಭಿಪ್ರಾಯ. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಇದಕ್ಕೆ ಒಪ್ಪಿ ಮಲಗಿದವರು ಯಾರೋ, ಅವರು ನಿಜವಾದ ಎದೆಗಾರರು.

ಈಗಿನ ಕ್ರಮ ಸೌಮ್ಯವಾದುದು. ೧೯೪೬ರಲ್ಲಿ ಅಮೆರಿಕದ ಜೆರೋಮ್ ವೆಬ್‌ಸ್ಟರ್ ಎಂಬ ಶಸ್ತ್ರವೈದ್ಯರು ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ಯುವ ವಿಧಾನವನ್ನು ಪ್ರಕಟಿಸಿದರು. ಗಾಯ ಮಾದ ಮೇಲೆ ಗೆರೆಯು ಕಪ್ಪು ಬಿಳುಪುಗಳ ಗಡಿಯಲ್ಲಿ ಅಡಗಿಹೋಗುತ್ತದೆ. ೧೯೭೦ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಇಲ್ಲೂಜ್ ಎಂಬವರು ಸಣ್ಣ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದರು. ಇಂದು ಬಹುತೇಕ ಎರಡನ್ನೂ ಕೂಡಿಸಿಯೇ ಬಳಸುತ್ತಾರೆ. ಕೊಬ್ಬು ಕೊಳವೆಗೆ ಬರುತ್ತದೆ; ಗ್ರಂಥಿ ಗಟ್ಟಿ, ಅದನ್ನು ಕೊಯ್ದೇ ತೆಗೆಯಬೇಕು. ಕೊಬ್ಬು ಮಾತ್ರ ಇದ್ದರೆ ಮೈ ಇಳಿಸಿದಾಗ ಎದೆಯೂ ಇಳಿಯುವ ಸಂಭವವುಂಟು. ಗ್ರಂಥಿಯಾದರೆ ಎಷ್ಟು ದಂಡ ಹೊಡೆದರೂ ಬಸ್ಕಿ ತೆಗೆದರೂ ಕರಗದು. ಈ ಒಂದು ಭೇದ ತಿಳಿಯದೆ ಗರಡಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ, ತಮ್ಮನ್ನೇ ಹಳಿದುಕೊಂಡ ತರುಣರೆಷ್ಟೋ!

ಶಸ್ತ್ರಕ್ರಿಯೆಯಾದ ಮೇಲೆ ಕೆಲವು ವಾರ ಎದೆಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಭಾರ ಎತ್ತಬಾರದು. ಒಳಗೆ ರಕ್ತ ಕಟ್ಟಿಕೊಳ್ಳುವುದು, ತೊಟ್ಟಿನ ಸ್ಪರ್ಶಜ್ಞಾನ ಕುಂದುವುದು, ಹೆಚ್ಚಾಗಿ ತೆಗೆದು ಆ ಭಾಗ ತಟ್ಟೆಯಂತೆ ಕುಳಿಬೀಳುವುದು ಇವೆಲ್ಲ ಸಂಭವಿಸಬಹುದಾದ ತೊಂದರೆಗಳು. ಇದನ್ನು ಮುಚ್ಚಿಟ್ಟು, ಬೆಳಗ್ಗೆ ಬಂದು ಸಂಜೆ ಹೋಗಬಹುದೆಂದು ಮಾತ್ರ ಹೇಳುವ ಜಾಹೀರಾತುಗಳು ಅರ್ಧಸತ್ಯವನ್ನು ಮಾರುತ್ತವೆ.

ಆದರೆ ಕತ್ತಿಗೆ ಮುಂಚೆ ಕಾರಣವನ್ನು ಹುಡುಕಬೇಕು. ವಿಶೇಷವಾಗಿ ವಯಸ್ಸು ಬಂದ ಗಂಡಸರಲ್ಲಿ. ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ ಎದೆ ಊದುತ್ತದೆ. ಹೃದ್ರೋಗಕ್ಕೂ ರಕ್ತದೊತ್ತಡಕ್ಕೂ ಕೊಡುವ ಸ್ಪೈರೊನೊಲ್ಯಾಕ್ಟೋನ್, ಹೊಟ್ಟೆಯ ಹುಣ್ಣಿಗೆ ಕೊಡುತ್ತಿದ್ದ ಸಿಮೆಟಿಡೀನ್ ಮೊದಲಾದ ಔಷಧಿಗಳಿಂದಲೂ ಊದುವುದುಂಟು. ವೃಷಣದ ಗಡ್ಡೆಯ ಮೊದಲ ಸೂಚನೆ ಒಮ್ಮೊಮ್ಮೆ ಎದೆಯಲ್ಲಿ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾಗಿ, ಹಸಿದ ಹೊಟ್ಟೆಗೆ ಮತ್ತೆ ಅನ್ನ ಕಂಡ ಸೈನಿಕರಲ್ಲಿ ಹಲವರಿಗೆ ಎದೆ ಊದಿಕೊಂಡದ್ದನ್ನು ಅಂದಿನ ವೈದ್ಯರು ಬೆರಗಿನಿಂದ ದಾಖಲಿಸಿದರು. ಒಂದೇ ಕಡೆ, ಕಲ್ಲಿನಂತೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತ ಕಂಡರೆ ಒಂದು ದಿನವೂ ತಡಮಾಡಬಾರದು. ಸ್ತನದ ಕ್ಯಾನ್ಸರು ನೂರರಲ್ಲಿ ಒಂದು ಗಂಡಸಿಗೂ ಬರುತ್ತದೆ, ನಾಚಿಕೆಯಿಂದಲೇ ತಡವಾಗಿ ಪತ್ತೆಯಾಗುತ್ತದೆ.

ಈಚಿನ ವಿಪರ್ಯಾಸಗಳು ಎರಡು. ಎದೆ ಹುರಿಗಟ್ಟಲೆಂದು ವ್ಯಾಯಾಮಶಾಲೆಗಳಲ್ಲಿ ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡುಗಳಲ್ಲಿ ಹಲವು ಮೈಯಲ್ಲಿ ಹೆಚ್ಚಾದಾಗ ಈಸ್ಟ್ರೋಜನ್ನಾಗಿ ಮಾರ್ಪಡುತ್ತವೆ. ಬೇಡಿದ್ದು ಪೈಲ್ವಾನನ ಎದೆ, ಬಂದದ್ದು ಬೇರೆ. ಬೋಳುತಲೆಗೆ ಹೆದರಿ ನುಂಗುವ ಫಿನಾಸ್ಟರೈಡ್ ಗುಳಿಗೆಯೂ ಕೆಲವರಲ್ಲಿ ಇದೇ ಕೆಲಸ ಮಾಡುತ್ತದೆ. ತಲೆಯ ಚಿಂತೆ ಎದೆಗೆ ಇಳಿಯಿತೆನ್ನಬೇಕು. ಇನ್ನು ಕೂದಲು ನಾಟಿಯ ಅಂಗಡಿಗಳ ಮಾತು ಹೇಳದಿರುವುದೇ ಲೇಸು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ, ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಇಂಥ ಚಿಕಿತ್ಸೆಗೆ ಸಾಲದೆಂದು ಬರೆದು ತಿಳಿಸಬೇಕಾಯಿತು ಎಂದಮೇಲೆ, ಪರಿಸ್ಥಿತಿಯನ್ನು ವಾಚಕರೇ ಊಹಿಸಬಹುದು. ಎಂ.ಎಸ್. ಆದ ಮೇಲೆ ಮತ್ತೆ ಮೂರು ವರ್ಷ ಓದಿ ಎಂ.ಸಿಎಚ್. ಪದವಿ ಪಡೆದ ಪ್ಲಾಸ್ಟಿಕ್ ಶಸ್ತ್ರವೈದ್ಯರು ಇದ್ದಾರೆ. ಬಾಗಿಲ ಮೇಲಿನ ಹಲಗೆಯಲ್ಲಿ ಚೆಲುವಾದ ಮುಖದ ಚಿತ್ರಕ್ಕಿಂತ ಆ ಅಕ್ಷರಗಳನ್ನು ಹುಡುಕುವುದು ಒಳ್ಳೆಯದು.

ಇದೆಲ್ಲ ಕೇಳಿದ ಮೇಲೂ ಸುಂದರ ಪುರುಷನೆಂದರೆ ಹೀಗೆಯೇ ಇರಬೇಕೆಂಬ ಅಚ್ಚು ಎಲ್ಲಿಂದ ಬಂದಿತೆಂಬ ಪ್ರಶ್ನೆ ಉಳಿಯುತ್ತದೆ. ಮೆಟ್ರಿಯಿಂದ ಹಂಪಿ ದೂರವೇನಲ್ಲ. ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಜಟ್ಟಿಗಳು ಹೆಣಗಾಡುತ್ತಿದ್ದಾರೆ. ಅವರ ಮೈ ದುಂಡಗೆ ನುಣ್ಣಗೆ ಇದೆ, ಇಂದಿನ ವ್ಯಾಯಾಮಶಾಲೆಯ ಚಿತ್ರಪಟಗಳಂತೆ ಗೆರೆಗೆರೆಯಾಗಿ ಕಡೆದಿಲ್ಲ. ಸುಮಾರು ೧೫೨೦ರ ವೇಳೆಗೆ ಅಲ್ಲಿಗೆ ಬಂದ ಪೋರ್ಚುಗೀಜ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನನ್ನು ಕಂಡು ಬರೆದಿದ್ದಾನೆ: ರಾಜನದು ಮಧ್ಯಮ ಎತ್ತರ, ಬೆಳ್ಳನೆಯ ಮೈ, ಒಳ್ಳೆಯ ಆಕಾರ, ತೆಳ್ಳಗೆನ್ನುವುದಕ್ಕಿಂತ ಸ್ವಲ್ಪ ಸ್ಥೂಲವೆನ್ನಬೇಕು, ಮುಖದ ಮೇಲೆ ಸಿಡುಬಿನ ಕಲೆಗಳು. ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಪೂಸಿಕೊಂಡು, ಸಣ್ಣ ಅರಿವೆಯೊಂದನ್ನು ಸುತ್ತಿಕೊಂಡು ಭಾರ ಎತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಸಿನಿಮಾದ ಕೃಷ್ಣದೇವರಾಯನಿಗೆ ಸಿಡುಬಿನ ಕಲೆ ಇದ್ದುದನ್ನು ಕಂಡವರಿಲ್ಲ. ಸ್ಥೂಲಕಾಯದ, ಕಲೆಮುಖದ ಆ ಅರಸನು ಅಂಗಿಯಿಲ್ಲದೆ ಜಟ್ಟಿಯ ಎದುರು ನಿಲ್ಲಲು ನಾಚಲಿಲ್ಲ. ಆದರೆ ಅವನು ಅರಸ. ಅರಸನನ್ನು ನೋಡಿ ನಗುವ ಸಹಪಾಠಿಗಳಿರುವುದಿಲ್ಲ.

ಹುಡುಗನಿಗಾದರೋ ನಗುವವರು ಇದ್ದಾರೆ. ಅವನಿಗೆ ಸೇನೆ ಸೇರುವ ಹಂಬಲವೂ ಇದೆಯೆಂದಿಟ್ಟುಕೊಂಡರೆ ಕಷ್ಟ ಇಮ್ಮಡಿಸುತ್ತದೆ. ೧೬೦೦ ಮೀಟರು ಓಡಿ ಗೆದ್ದರೂ ಮುಂದೆ ಅಂಗಿ ತೆಗೆದು ನಿಲ್ಲಬೇಕು. ಉಸಿರೆಳೆದಾಗ ಎದೆ ೫ ಸೆಂಟಿಮೀಟರು ಉಬ್ಬಬೇಕು. ಊದಿದ ಎದೆಯನ್ನು ಕಂಡರೆ ವೈದ್ಯಾಧಿಕಾರಿ ತಡೆಯಬಹುದು. ಶಸ್ತ್ರಕ್ರಿಯೆಯಿಂದ ಆ ತಡೆ ನೀಗುವುದಾದರೆ ಅದನ್ನು ಶೋಕಿಯೆನ್ನುವುದು ಯಾವ ನ್ಯಾಯ?

ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಬೇಕಾದವನು ಸೋದರಮಾವನೇ. ೧೯೬೧ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಲ್ಲಿದೆ. ಇಂಥ ಹುಡುಗನನ್ನು ಕಂಡರೆ ವೈದ್ಯರು ಎದೆಯ ಬಿಲ್ಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾರೆ, ವೃಷಣಗಳನ್ನು ಪರೀಕ್ಷಿಸುತ್ತಾರೆ, ಏನು ಔಷಧಿ ನುಂಗುತ್ತಿದ್ದಾನೆಂದು ವಿಚಾರಿಸುತ್ತಾರೆ, ಬೇಕೆನಿಸಿದರೆ ರಕ್ತಪರೀಕ್ಷೆಗೆ ಬರೆಯುತ್ತಾರೆ. ಎಲ್ಲವೂ ಸರಿಯಿದ್ದರೆ ಹದಿನಾಲ್ಕರ ಪ್ರಾಯದಲ್ಲಿ ಯಾವ ಒಳ್ಳೆಯ ವೈದ್ಯರೂ ಕತ್ತಿ ಹಿಡಿಯಲು ಅವಸರಪಡುವುದಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸು, ಎರಡು ವರ್ಷವಾದರೂ ಹೋಗದಿದ್ದರೆ ಆಗ ನೋಡೋಣ ಎಂದು ಕಳುಹಿಸುತ್ತಾರೆ.

ಆಮೇಲೆ ಮಾವ ಅಳಿಯ ಇಬ್ಬರೂ ಬಸ್ಸಿಗೆ ಕಾಯುತ್ತ ಒಗ್ಗರಣೆ ಮಿರ್ಚಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತಿರುವುದನ್ನೂ ಊಹಿಸಿಕೊಳ್ಳಬಹುದು. ಹುಡುಗನು ತಟ್ಟೆಯಿಂದ ತಲೆಯೆತ್ತುವುದಿಲ್ಲ. ಮಾವನು ರಸ್ತೆಯ ಕಡೆಗೆ ನೋಡುತ್ತ, ದನಿ ತಗ್ಗಿಸಿ ಹೇಳುತ್ತಾನೆ:

“ನಿನ್ನ ವಯಸ್ಸಿನ್ಯಾಗ ನನಗೂ ಇತ್ತಲೇ ತಮ್ಮಾ. ನಿಮ್ಮವ್ವಗೂ ಗೊತ್ತಿಲ್ಲ.”